ಸಿ.ಎನ್.ಸಿ. ರೌಟರಿಗೆ ಎರಡನೆಯ ಸ್ಪಿಂಡಲ್ ಜೋಡಿಸುವ ಕ್ರಮ

ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯ ಮರಗೆಲಸದ ಶೆಡ್ಡುಗಳಲ್ಲಿ ಸಿ.ಎನ್.ಸಿ. ರೌಟರಿನಿಂದ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಹಲಸು ಅಥವಾ ತೇಗದ ಬಾಗಿಲಿಗೆ ಕೆತ್ತನೆ ಮಾಡುವಾಗ, ಮೊದಲು 6 ಮಿ.ಮೀ. ಬಿಟ್ಟಿನಿಂದ ಮರವನ್ನು ಒರಟಾಗಿ ತೆಗೆದು, ಬಳಿಕ ಸಪೂರ ತುದಿಯ ಬಾಲ್‌ನೋಸ್ ಬಿಟ್ಟಿನಿಂದ ನಯಗೊಳಿಸುತ್ತಾರೆ. ನಡುವೆ ಬಿಟ್ ಬದಲಿಸಿ ಮತ್ತೆ ಎತ್ತರ ಹಿಡಿಯುವ ಕೆಲಸವನ್ನು ತಪ್ಪಿಸಲು ಜೋಡಿಸುವ, ಬಿಟ್ ತಿರುಗಿಸುವ ಮೋಟರ್ ಆದ ಎರಡನೆಯ ಸ್ಪಿಂಡಲ್‌ನ ಕುರಿತು ಇಲ್ಲಿ ಬರೆದಿದ್ದೇನೆ. ಒಂದೇ ಫೈಲಿನಿಂದ ಎರಡು ಹಲಗೆಗಳನ್ನು ಏಕಕಾಲಕ್ಕೆ ಕೆತ್ತುವ ಜೋಡಿ ಸ್ಪಿಂಡಲ್‌ಗಳ ವಿಷಯ ಬೇರೆ.

ಕೊಳ್ಳುವ ಮೊದಲು ಲೆಕ್ಕ ಹಾಕಬೇಕಾದುದು ಕಳೆದುಹೋಗುವ ಜಾಗವನ್ನು. 80 ಮಿ.ಮೀ. ವ್ಯಾಸದ ಎರಡು ಸ್ಪಿಂಡಲ್‌ಗಳನ್ನು ಕ್ಲ್ಯಾಂಪ್ ಸಹಿತ ಪಕ್ಕಪಕ್ಕದಲ್ಲಿ ಕೂರಿಸಿದರೆ ಅವುಗಳ ಕೇಂದ್ರಗಳ ನಡುವಿನ ಅಂತರ ಸುಮಾರು 130 ಮಿ.ಮೀ. ಆಗುತ್ತದೆ. 1220 ಮಿ.ಮೀ. ಓಡುವ ಎಕ್ಸ್ ಅಕ್ಷದಲ್ಲಿ (ಎಡಬಲದ ಓಟ) ಎರಡೂ ಬಿಟ್ಟುಗಳು ತಲುಪುವ ಅಗಲ 1090 ಮಿ.ಮೀ.ಗೆ ಇಳಿಯುತ್ತದೆ. ಮೂರಡಿಯ ಬಾಗಿಲಿಗೆ ಇದು ಧಾರಾಳವಾಗಿ ಸಾಕು. 2.2 ಕಿಲೋವ್ಯಾಟ್ ಸ್ಪಿಂಡಲ್ ಐದಾರು ಕಿಲೋ ತೂಗುವುದರಿಂದ ಅದನ್ನು ಏರಿಸಿ ಇಳಿಸುವ ಝಡ್ ಮೋಟರ್ ಸ್ಟೆಪ್ ತಪ್ಪದಂತೆ ಅದರ ಆಕ್ಸಿಲರೇಶನ್ ತಗ್ಗಿಸುವುದು ಅಥವಾ ಗ್ಯಾಸ್ ಸ್ಪ್ರಿಂಗಿನ ಆಧಾರ ಕೊಡುವುದು ಒಳ್ಳೆಯದು.

ಎರಡನ್ನೂ ಒಂದೇ ತಟ್ಟೆಗೆ ಬಿಗಿದರೆ ಕೆಲಸವಿಲ್ಲದ ಬಿಟ್ಟೂ ಮರಕ್ಕೆ ತಾಗುತ್ತದೆ. ಆದುದರಿಂದ ಎರಡನೆಯದನ್ನು ಲೀನಿಯರ್ ಗೈಡ್ ಮೇಲೆ ಕೂರಿಸಿ, ಸುಮಾರು 75 ಮಿ.ಮೀ. ಓಟದ ಗಾಳಿ ಸಿಲಿಂಡರಿನಿಂದ ಏರಿಸಿ ಇಳಿಸಬೇಕು. ಇಳಿದಾಗ ಅದರ ಬಿಟ್ ಮೊದಲನೆಯದಕ್ಕಿಂತ ಮೂವತ್ತು ನಲವತ್ತು ಮಿ.ಮೀ. ಕೆಳಗೆ, ಏರಿದಾಗ ಅಷ್ಟೇ ಮೇಲೆ ಇರುವಂತೆ ಹೊಂದಿಸಿದರೆ ಮೊದಲ ಸ್ಪಿಂಡಲನ್ನು ಸರಿಸುವ ಅಗತ್ಯವೇ ಬರುವುದಿಲ್ಲ. ಕೆಳಗಿನ ನಿಲುಗಡೆಗೆ ಗಟ್ಟಿ ಉಕ್ಕಿನ ಬೋಲ್ಟ್ ಹಾಕಿ ಹುಡಿ ಸೇರದಂತೆ ಅದರ ಸುತ್ತ ರಬ್ಬರಿನ ಮುಸುಕು ತೊಡಿಸಬೇಕು, ಏಕೆಂದರೆ ಅಲ್ಲಿ ಒಂದು ಪದರ ಮರದ ಹುಡಿ ಕುಳಿತರೂ ಕೆತ್ತನೆಯ ಆಳ ಕಡಿಮೆಯಾಗುತ್ತದೆ. ಸಿಲಿಂಡರಿನ ಸ್ಥಾನ ತಿಳಿಸುವ ರೀಡ್ ಸ್ವಿಚ್ಚಿನಿಂದ ‘ಮೇಲಿದೆ’ ಎಂಬ ಸಂಕೇತ ಬಾರದೆ ಯಂತ್ರ ಮುಂದಿನ ಸಾಲಿಗೆ ಹೋಗಬಾರದು. ಗಾಳಿಯ ಒತ್ತಡ ಇಳಿದ ದಿನ ಇದರ ಬೆಲೆ ತಿಳಿಯುತ್ತದೆ.

ಇನ್ನು ಅಳತೆ. ಇಲ್ಲಿ ಅವಸರ ಸಲ್ಲದು. ಮೊದಲು ಎರಡನೆಯ ಸ್ಪಿಂಡಲ್ ನೆಟ್ಟಗಿದೆಯೇ ಎಂದು ನೋಡಬೇಕು. ಕಾಲೆಟ್ಟಿನಲ್ಲಿ (ಬಿಟ್ ಹಿಡಿಯುವ ಭಾಗ) ಗ್ರೈಂಡ್ ಮಾಡಿದ ನೇರ ಸರಳನ್ನು ಹಿಡಿಸಿ, ಮೇಜಿನ ಮೇಲಿಟ್ಟ ಡಯಲ್ ಗೇಜನ್ನು ಅದಕ್ಕೆ ತಾಗಿಸಿ, ಝಡ್ ಅಕ್ಷವನ್ನು 60 ಮಿ.ಮೀ. ಮೇಲೆ ಕೆಳಗೆ ಓಡಿಸಿದಾಗ ಮುಳ್ಳು 0.02 ಮಿ.ಮೀ.ಗಿಂತ ಹೆಚ್ಚು ಅಲುಗದ ತನಕ ಕ್ಲ್ಯಾಂಪಿನ ಹಿಂದೆ ಹಿತ್ತಾಳೆಯ ಷಿಮ್ (ತೆಳು ತಗಡು) ತುಂಬಬೇಕು. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ನಾನು ಈ ಕೆಲಸವನ್ನು ನಾಳೆಗೆಂದು ಬಿಟ್ಟು ಮೊದಲೇ ಅಂತರ ಅಳೆದಿದ್ದೆ. ಓರೆಯಾದ ಸ್ಪಿಂಡಲಿನಲ್ಲಿ ಬಿಟ್ಟಿನ ಉದ್ದ ಬದಲಾದಂತೆ ಅಂತರವೂ ಬದಲಾಗುತ್ತದೆ ಎಂಬುದು, ಒಂದು ದೈವಸ್ಥಾನದ ಬಾಗಿಲಿನ ಬಳ್ಳಿಯ ಒಂದು ಬದಿ ಸಪೂರವಾಗಿ ಹೋದ ಮೇಲೆ ಅರ್ಥವಾಯಿತು.

ನೆಟ್ಟಗಾದ ಬಳಿಕ, ಬಿಗಿದಿಟ್ಟ ಹಲಗೆಯಲ್ಲಿ ಮೊದಲ ಸ್ಪಿಂಡಲಿನಿಂದ 20 ಮಿ.ಮೀ.ಯ ಉರುಟಾದ ಗುಳಿ ತೆಗೆದು, ಅದರ ಕೇಂದ್ರದ ಯಂತ್ರ ನಿರ್ದೇಶಾಂಕಗಳನ್ನು ಬರೆದಿಡಬೇಕು. ಅನಂತರ ಎರಡನೆಯ ಸ್ಪಿಂಡಲಿನಲ್ಲಿ ಸಣ್ಣ ಲಿವರ್ ಡಯಲ್ ಹಿಡಿಸಿ, ಕೈಯಿಂದ ತಿರುಗಿಸುತ್ತಾ ಗುಳಿಯ ಗೋಡೆಯ ಸುತ್ತ ಮುಳ್ಳು ಒಂದೇ ಕಡೆ ನಿಲ್ಲುವಂತೆ ಗ್ಯಾಂಟ್ರಿಯನ್ನು (ಸ್ಪಿಂಡಲ್ ಹೊತ್ತ ಅಡ್ಡ ತೊಲೆ) ಸರಿಸಬೇಕು. ಮೊದಲ ಓದು ಎಕ್ಸ್ 412.35, ಎರಡನೆಯದು 281.90 ಎಂದಿದ್ದರೆ ವ್ಯತ್ಯಾಸ −130.45, ವೈ ಅಕ್ಷಕ್ಕೂ ಹೀಗೆಯೇ. ಈ ಋಣ ಚಿಹ್ನೆಯ ಸಮೇತ ಜಿ54ರ (ಮೊದಲ ಸ್ಪಿಂಡಲಿಗೆ ಹಲಗೆಯ ಸೊನ್ನೆ ಬಿಂದು) ಮೌಲ್ಯಕ್ಕೆ ಕೂಡಿಸಿದುದೇ ಎರಡನೆಯದರ ಸೊನ್ನೆ ಬಿಂದುವಾದ ಜಿ55. ಜಿ54 ಎಕ್ಸ್ 150 ಆದರೆ ಜಿ55 ಎಕ್ಸ್ 19.55. ಬಾಗಿಲನ್ನು ಎಡಕ್ಕೆ 131 ಮಿ.ಮೀ.ಗಿಂತ ಹತ್ತಿರ ಇಟ್ಟರೆ ಈ ಮೊತ್ತ ಸೊನ್ನೆಗಿಂತ ಕೆಳಗಿಳಿದು, ಎರಡನೆಯ ಬಿಟ್ ಅಂಚನ್ನು ತಲುಪುವುದಿಲ್ಲ. ಪ್ರತಿ ಹೊಸ ಹಲಗೆಗೂ ಜಿ54 ಬದಲಾಗುವುದರಿಂದ ಈ ಕೂಡುವಿಕೆಯನ್ನು ಮ್ಯಾಕ್ರೊಗೆ (ಚಿಕ್ಕ ಸಿದ್ಧ ಪ್ರೋಗ್ರಾಮು) ಒಪ್ಪಿಸುವುದು ಲೇಸು. ಲಿನಕ್ಸ್‌ಸಿಎನ್‌ಸಿ ನಿಯಂತ್ರಣ ತಂತ್ರಾಂಶ ಬಳಸುವವರು ಅದರ ಟೂಲ್ ಟೇಬಲಿನಲ್ಲೇ ಎಕ್ಸ್, ವೈ, ಝಡ್ ವ್ಯತ್ಯಾಸಗಳನ್ನು ಬರೆಯಬಹುದು. ಝಡ್ ಮಾತ್ರ ಬಿಟ್ ಬದಲಿಸಿದಾಗಲೆಲ್ಲ ಹೊಸದಾಗಿ ಹಿಡಿಯಬೇಕು.

ವಿದ್ಯುತ್ತಿನ ಭಾಗದಲ್ಲಿ ನನ್ನ ಖಚಿತ ಅಭಿಪ್ರಾಯವೆಂದರೆ ಪ್ರತಿ ಸ್ಪಿಂಡಲಿಗೂ ಪ್ರತ್ಯೇಕ ವಿ.ಎಫ್.ಡಿ. (ಆವರ್ತನ ಬದಲಿಸಿ ಮೋಟರಿನ ವೇಗ ಹಿಡಿಯುವ ಡ್ರೈವ್) ಬೇಕು. ಒಂದೇ ವಿ.ಎಫ್.ಡಿ.ಯ ಹೊರದಾರಿಯಲ್ಲಿ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಹಾಕಿ ಬದಲಿಸುವುದು ಅಗ್ಗವೇನೋ ಹೌದು, ಆದರೆ ಮೋಟರ್ ಓಡುತ್ತಿರುವಾಗ ಅದು ಕಳಚಿಕೊಂಡರೆ ಡ್ರೈವ್ ಸುಡಬಹುದು. ಎರಡು ಧ್ರುವಗಳ ಸ್ಪಿಂಡಲ್ 400 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 24,000 ಸುತ್ತು ತಿರುಗುತ್ತದೆ. ಆದುದರಿಂದ ತಂತಿ ಜೋಡಿಸುವ ಮೊದಲೇ ಬೇಸ್ ಮತ್ತು ಗರಿಷ್ಠ ಆವರ್ತನ ಎರಡನ್ನೂ 400 ಮಾಡಬೇಕು (ಹುವಾನ್‌ಯಾಂಗ್ ಡ್ರೈವಿನಲ್ಲಿ ಪಿಡಿ004, ಪಿಡಿ005). 50 ಹರ್ಟ್ಸ್‌ನ ಸಾಮಾನ್ಯ ಮೋಟರಿನ ಹೊಂದಾಣಿಕೆಯಲ್ಲೇ ಚಾಲು ಮಾಡಿದರೆ ಸುರುಳಿ ಸುಡುತ್ತದೆ. ಸ್ಪಿಂಡಲಿನ ನಾಲ್ಕು ಪಿನ್ನುಗಳ ಕನೆಕ್ಟರಿನಲ್ಲಿ ನಾಲ್ಕನೆಯದು ಎಷ್ಟೋ ಬಾರಿ ಒಳಗೆ ಸ್ಪಿಂಡಲಿನ ಲೋಹದ ಕವಚಕ್ಕೆ ಸೇರಿರುವುದೇ ಇಲ್ಲ, ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ ಬೇರೆ ಅರ್ತಿಂಗ್ ಎಳೆಯಬೇಕು. ಎರಡು ಡ್ರೈವುಗಳಿಗೂ ಸಾಕಾಗುವಷ್ಟು ಲೋಡ್ ನಿಮ್ಮ ಸಂಪರ್ಕದಲ್ಲಿ ಇಲ್ಲದಿದ್ದರೆ ಕೆ.ಎಸ್.ಇ.ಬಿ. (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿನಲ್ಲಿ ಮೊದಲೇ ಅರ್ಜಿ ಕೊಡುವುದು ವಾಸಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ, ಕರೆಂಟು ಬಂದೊಡನೆ ಸ್ಪಿಂಡಲ್ ತಾನಾಗಿ ತಿರುಗುವ ಆಯ್ಕೆಯನ್ನು ಬಂದ್ ಮಾಡಿಡಬೇಕು.

ಪ್ರೋಗ್ರಾಮಿನಲ್ಲಿ ಸ್ಪಿಂಡಲ್ ಬದಲಾಗುವ ಸಾಲಿಗೆ ಮೊದಲು ಎಂ5 (ಸ್ಪಿಂಡಲ್ ನಿಲ್ಲಿಸುವ ಆದೇಶ), ಬಳಿಕ ತಿರುಗಾಟ ಪೂರ್ತಿ ನಿಲ್ಲುವಷ್ಟು ವಿರಾಮ, ಝಡ್ ಮೇಲಕ್ಕೆ, ಆಮೇಲೆ ಸಿಲಿಂಡರ್ ಎಂಬ ಕ್ರಮವಿರಲಿ. ಮ್ಯಾಕ್3 ತಂತ್ರಾಂಶದಲ್ಲಿ ವಿರಾಮದ ಆದೇಶವಾದ ಜಿ4 ಪಿ8 ಎಂದರೆ 8 ಸೆಕೆಂಡೋ 8 ಮಿಲಿಸೆಕೆಂಡೋ ಎಂಬುದು ಸೆಟ್ಟಿಂಗಿನ ಮೇಲೆ ನಿಂತಿದೆ, ನೋಡಿಕೊಳ್ಳಿ.

ಮೊದಲ ಪರೀಕ್ಷೆಗೆ ಬಾಗಿಲು ಬೇಡ. ಎಂ.ಡಿ.ಎಫ್. ತುಂಡಿನಲ್ಲಿ ಮೊದಲ ಬಿಟ್ಟಿನಿಂದ 60 ಮಿ.ಮೀ. ಚೌಕವನ್ನೂ, ಅದರ ಒಳಗೆ ಎರಡನೆಯದರಿಂದ 40 ಮಿ.ಮೀ. ಚೌಕವನ್ನೂ ಗೆರೆಯಾಗಿ ಕೊರೆದು, ನಾಲ್ಕು ಬದಿಗಳ ಅಂತರವನ್ನು ವರ್ನಿಯರಿನಿಂದ ಅಳೆಯಿರಿ. ಎಡಬಲಗಳ ವ್ಯತ್ಯಾಸದ ಅರ್ಧವೇ ಎಕ್ಸ್ ಅಕ್ಷದಲ್ಲಿ ಇನ್ನೂ ತಿದ್ದಬೇಕಾದ ಮೊತ್ತ. ಜೂನಿನಲ್ಲಿ ತೇವಕ್ಕೆ ಮೇಜಿನ ಹಲಗೆ ಉಬ್ಬಿದ ಮೇಲೆ ಅದನ್ನು ಮೊದಲ ಸ್ಪಿಂಡಲಿನಿಂದ ಮತ್ತೆ ಸಮ ಮಾಡಿ, ಎರಡೂ ಬಿಟ್ಟುಗಳ ಝಡ್ ಹೊಸದಾಗಿ ಹಿಡಿದು, ಇದೇ ಚೌಕಗಳನ್ನು ಇನ್ನೊಮ್ಮೆ ಕೊರೆದು ನೋಡಬೇಕು.