ಫೈಲ್ ಕಣ್ಣೆದುರೇ ಇದೆ, ಆದರೂ ಸ್ಕ್ರಿಪ್ಟ್ ಓಡಲ್ಲ
ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಕೊಡುವ ಸಿಎಚ್‌ಮಾಡ್ ಪ್ಲಸ್ ಎಕ್ಸ್ ಕಮಾಂಡ್ ಕೊಟ್ಟಾಗಿತ್ತು, ಹೆಸರಿನ ಮುಂದೆ ಚುಕ್ಕಿ-ಸ್ಲ್ಯಾಶ್ ಕೂಡ ಇತ್ತು. ಆದರೂ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂಬ ಎರರ್. ಅನುಮತಿಯ ತೊಂದರೆಯಾಗಿದ್ದರೆ ‘ಪರ್ಮಿಷನ್ ಡಿನೈಡ್’ ಬರುತ್ತಿತ್ತು. ಹಾಗಾಗಿ ಇಲ್ಲಿ ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಹಾಕುವುದು ದಂಡ.

ಫೈಲ್‌ನಲ್ಲಿ ಕಣ್ಣಿಗೆ ಬೀಳದ ಅಕ್ಷರಗಳನ್ನೂ ತೋರಿಸುವ ‘ಕ್ಯಾಟ್ ಹೈಫನ್ ದೊಡ್ಡ ಎ’ ಓಡಿಸಿದರೆ ಪ್ರತಿ ಸಾಲಿನ ಕೊನೆಗೆ, ಡಾಲರ್ ಚಿಹ್ನೆಗೆ ಸ್ವಲ್ಪ ಮೊದಲು, ಕ್ಯಾರೆಟ್-ಎಂ ಕಂಡಿತು. ಕಳ್ಳ ಅದೇ. ವಿಂಡೋಸ್ ಶೈಲಿಯಲ್ಲಿ ಉಳಿಸಿದ ಫೈಲ್‌ನಲ್ಲಿ ಸಾಲು ಮುಗಿಯುವುದು 13 ಮತ್ತು 10 ಎಂಬ ಎರಡು ಬೈಟ್‌ಗಳಿಂದ. ಲಿನಕ್ಸ್‌ಗೆ 10 ಒಂದೇ ಸಾಕು. ಉಳಿದ 13, ಅಂದರೆ ಆ ಕ್ಯಾರೆಟ್-ಎಂ, ಮೊದಲ ಸಾಲಿನಲ್ಲಿರುವ ಬ್ಯಾಷ್ (ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಂ) ಹೆಸರಿಗೆ ಅಂಟಿಕೊಳ್ಳುತ್ತದೆ, ಲಿನಕ್ಸ್‌ನ ತಿರುಳಾದ ಕರ್ನಲ್ ಇಲ್ಲದ ಪ್ರೋಗ್ರಾಮನ್ನು ಹುಡುಕುತ್ತದೆ.

ಸಾಲಿನ ಕೊನೆಗಳನ್ನು ಲಿನಕ್ಸ್ ಶೈಲಿಗೆ ಬದಲಿಸುವ ಡಾಸ್‌ಟುಯುನಿಕ್ಸ್ ಕಮಾಂಡ್‌ಗೆ ಫೈಲ್ ಹೆಸರು ಕೊಟ್ಟೆ, ಸರಿಹೋಯಿತು. ಎಡಿಟರ್‌ನಲ್ಲೂ ಲೈನ್ ಎಂಡಿಂಗ್ ಅನ್ನು ಎಲ್ಎಫ್ (ಬರೀ 10) ಮಾಡಿಡಿ, ಇಲ್ಲವಾದರೆ ಮುಂದಿನ ಹೊಸ ಸ್ಕ್ರಿಪ್ಟ್‌ಗೂ ಇದೇ ಗೋಳು.