ಜೀನ್ಸ್ ಚಿಂದಿಯಲ್ಲಿ ಮಾಡಿದ ಸಿಗ್ನಸ್ ಎಕ್ಸ್-1

ಸಿಗ್ನಸ್ ಎಕ್ಸ್-1 ಅಂದರೆ ಒಂದು ಕಪ್ಪುಕುಳಿ (ಬ್ಲ್ಯಾಕ್ ಹೋಲ್), ಅದರ ಜೊತೆಗೊಂದು ನಕ್ಷತ್ರ. ಇಂಥ ಕಪ್ಪುಕುಳಿ ಜೋಡಿಗಳ ಅಳತೆಯನ್ನು ಶಾಲೆಯ ಮೈದಾನದಲ್ಲೇ ತೋರಿಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. "ಕಾಣದೇ ಇರೋದನ್ನ ಹೆಂಗ ಅಳೀತೀರಿ ಸರ್?" ಎಂದರು. ಮೂರನೇ ವರ್ಷಕ್ಕೆ ಕೈಗೂಡಿತು.

ಲೆಕ್ಕ ಸುಲಭ. ಒಂದನ್ನೊಂದು ಸುತ್ತುವ ಅವಧಿ, ಎರಡರ ಒಟ್ಟು ತೂಕ ಗೊತ್ತಿದ್ದರೆ ಕೆಪ್ಲರ್ ಸೂತ್ರದಿಂದ ನಡುವಿನ ದೂರ ಸಿಗುತ್ತದೆ, ಅಷ್ಟೇ. ಸೂರ್ಯ ಅಂದರೆ 10 ಸೆಂ.ಮೀ. ದಾಳಿಂಬೆ ಅಂತ ಇಟ್ಟುಕೊಂಡೆ. ಆಗ ಬುಧ ಸುಮಾರು 4 ಮೀಟರ್ ಆಚೆ.

ಮೊದಲ ವರ್ಷ ಥರ್ಮಾಕೋಲಿಗೆ ₹1,800ರಷ್ಟು ಸುರಿದೆ. ಬಳ್ಳಾರಿಯ ಗಾಳಿಗೆ ಅರ್ಧ ಗಂಟೆಯಲ್ಲಿ ಚೂರುಚೂರು. ಮರುವರ್ಷ ಸುಣ್ಣದ ಪುಡಿಯಲ್ಲಿ ಬರೆದೆ, ಅದೂ ಹಾರಿಹೋಯಿತು. ಸಾಲದ್ದಕ್ಕೆ ದೂರವನ್ನು ನಕ್ಷತ್ರದ ಅಂಚಿನಿಂದ ಅಳೆದಿದ್ದೆ, ನಡುವಿನಿಂದ ಅಳೆಯಬೇಕಿತ್ತು!

ಆಮೇಲೆ ಜೀನ್ಸ್ ಹೊಲಿಯುವವರ ಹತ್ತಿರ ಕಟಿಂಗ್ ಚಿಂದಿ ಕೇಳಿದೆ. ಪುಕ್ಕಟೆ ಕೊಟ್ಟರು, ಹೊಲಿಗೆಗೆ ₹400 ಆಯಿತು. ಸಿಗ್ನಸ್ ಎಕ್ಸ್-1ರ ಜೊತೆಗಾರ ನೀಲಿ ದೈತ್ಯ ನಕ್ಷತ್ರ ಅಲ್ವಾ? ಅಡ್ಡಳತೆ ಸುಮಾರು 2.2 ಮೀಟರ್, ನೀಲಿ ಬಟ್ಟೆ ಹೇಳಿ ಮಾಡಿಸಿದಂತಿತ್ತು. ಕುಳಿಯ ಸೆಳೆತಕ್ಕೆ ನಕ್ಷತ್ರ ಆ ಕಡೆಗೆ ಚಾಚಿರುತ್ತದೆ, ಹಾಗಾಗಿ ಕಪ್ಪುಕುಳಿಯ ಕಡೆಗೆ ಅದನ್ನು ಮೊಟ್ಟೆಯ ತುದಿಯಂತೆ ಎಳೆದು ಬಿಗಿಯಾಗಿ ನಿಲ್ಲಿಸಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಬಂದು ನೋಡಿ. ನಡುವಿನಿಂದ 2.6 ಮೀಟರ್ ದೂರದಲ್ಲಿ ಕಪ್ಪುಕುಳಿಗೆ ಒಂದು ಕಡ್ಡಿ ನೆಟ್ಟೆ. ಸೂರ್ಯನ 21 ಪಟ್ಟು ತೂಕದ ಆ ಕುಳಿ ಈ ಅಳತೆಯಲ್ಲಿ ತಲೆಗೂದಲಿಗಿಂತ ಎಷ್ಟೋ ಸಣ್ಣದು, ಅದಕ್ಕೇ ಚುಕ್ಕಿ ಇಡಲಿಲ್ಲ. ಹಳೆಯ ಲೆಕ್ಕದಲ್ಲಿ ತೂಕ 15ರಷ್ಟಿತ್ತು, 2021ರಲ್ಲಿ 21ಕ್ಕೆ ಏರಿತು. ಹಳೆಯ ಚಾರ್ಟ್ ಇದ್ದವರು ಬದಲಾಯಿಸಿಕೊಳ್ಳಿ.

ಪಕ್ಕದಲ್ಲೇ ಎ0620-00 ಎಂಬ ಇನ್ನೊಂದು ಕಪ್ಪುಕುಳಿ ಜೋಡಿ ಇಟ್ಟೆ. ಎಂಟು ಗಂಟೆಯೊಳಗೆ ಒಂದು ಸುತ್ತು, ನಡುವಿನ ದೂರ ಒಂದು ಗೇಣು. ವಿ404 ಸಿಗ್ನಿ ಎಂಬ ಜೋಡಿಗೆ ಒಂದೂವರೆ ಮೀಟರ್. ಜಿಆರ್‌ಎಸ್ 1915+105 ಐದು ಮೀಟರ್, ಬುಧನನ್ನೂ ದಾಟಿತು.

ಜೋಡಿ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂದು ತೋರಿಸಲು ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕೋಲಿನ ಒಂದು ತುದಿಗೆ ತೆಂಗಿನಕಾಯಿ, ಇನ್ನೊಂದು ತುದಿಗೆ ಸಣ್ಣ ಕಲ್ಲು ಕಟ್ಟಿ ಬೆರಳ ಮೇಲೆ ನಿಲ್ಲಿಸಿದೆ. ಬೆರಳು ಕಾಯಿಯ ಹತ್ತಿರವೇ ಬಂತು. ವಿ404ರಲ್ಲಿ ಕುಳಿಯೇ ಕಾಯಿ, ನಕ್ಷತ್ರವೇ ಕಲ್ಲು. ಸಿಗ್ನಸ್ ಎಕ್ಸ್-1ರಲ್ಲಿ ನಕ್ಷತ್ರವೇ ಭಾರ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇದನ್ನು ನಾನು ಹೇಳುವ ಮೊದಲೇ ಹೇಳಿದಳು.

ಗಾಯಾ ಬಾಹ್ಯಾಕಾಶ ದೂರದರ್ಶಕದಿಂದ ಗೊತ್ತಾದ ಗಾಯಾ ಬಿಎಚ್1 ಜೋಡಿಗೆ 15 ಮೀಟರ್, ಮೈದಾನದಲ್ಲೇ ಮುಗಿಯಿತು. 2024ರಲ್ಲಿ ಗೊತ್ತಾದ ಬಿಎಚ್3ಕ್ಕೆ ಸರಾಸರಿ 175 ಮೀಟರ್ ಬೇಕು. ಇಬ್ಬರು ಹುಡುಗರು ಹಗ್ಗದ ತುದಿ ಹಿಡಿದು ಗೇಟು ದಾಟಿ ಓಡಿದರು. ಹಗ್ಗ ಮಂಡಕ್ಕಿ-ಮಿರ್ಚಿ ಗಾಡಿಯ ಹತ್ತಿರ ಮುಗಿಯಿತು. ಗಾಡಿಯವರು ಕಡ್ಡಿ ನೆಡಲು ಜಾಗ ಬಿಟ್ಟುಕೊಟ್ಟರು.