ನಮ್ಮ ಮನೆಯಲ್ಲಿ ಎಲ್‌ಇಡಿ ಬಾಳಿದ್ದು ಹೀಗೆ

ನಮ್ಮ ಬಚ್ಚಲುಮನೆಯ ಎಲ್‌ಇಡಿ ಬಲ್ಬಿನ ಕುತ್ತಿಗೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಆಗಸ್ಟ್ 2018’ ಅಂತ ಬರೆದಿದೆ. ಇವತ್ತಿಗೂ ಉರಿಯುತ್ತಿದೆ. ಅದೇ ಹೋಲ್ಡರಿನಲ್ಲಿ ಮೊದಲಿದ್ದ ಸುರುಳಿ ಟ್ಯೂಬಿನ ಸಿಎಫ್‌ಎಲ್ ಆರು ತಿಂಗಳು ಬಂದರೆ ಹೆಚ್ಚು. ದಿನಕ್ಕೆ ಇಪ್ಪತ್ತು ಸಲ ಹಾಕಿ ಆರಿಸುವ ಜಾಗ ಅದಕ್ಕೆ ಆಗಿಬರುವುದಿಲ್ಲ. ‘ತೀರ್ಥಹಳ್ಳಿ ಕಡೆ ಕರೆಂಟಿಗೆ ಎಲ್‌ಇಡಿ ನಿಲ್ಲೋದಿಲ್ಲ ಮಾರಾಯ’ ಅಂದವರೇ ಈಗ ಏನು ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತಿದ್ದು ನಿಜ. 2016ರ ಹೊತ್ತಿಗೆ ‘ಹೊಸ ಬೆಳಕು’ ಯೋಜನೆಯಲ್ಲಿ 9 ವ್ಯಾಟಿನ ಬಲ್ಬ್ ನೂರು ರೂಪಾಯಿಗೆ ಸಿಗುತ್ತಿತ್ತು. ನಾನು ಅದಕ್ಕಿಂತ ಅಗ್ಗ ಹುಡುಕಿಕೊಂಡು ಹೋಗಿ, ಹೆಸರಿಲ್ಲದ ಹದಿನಾಲ್ಕು ಬಲ್ಬ್ ತಂದೆ. ಸಾವಿರದ ಹತ್ತಿರ ಕೊಟ್ಟಿರಬೇಕು. ದೀಪಾವಳಿ ಬರುವಷ್ಟರಲ್ಲಿ ಒಂಬತ್ತು ಸತ್ತವು. ಚಿಕ್ಕಪ್ಪ ‘ಹಳೇ ಸಿಎಫ್‌ಎಲ್ಲೇ ಗಟ್ಟಿ ಇತ್ತು’ ಅಂದರು. ಸಿಎಫ್‌ಎಲ್ ಕೂಡ ಹೋಗುತ್ತಿತ್ತು, ಆದರೆ ಯಾರೂ ಲೆಕ್ಕ ಇಟ್ಟಿರಲಿಲ್ಲ. ಪ್ರತಿ ಬಲ್ಬಿನ ಮೇಲೆ ತಾರೀಕು ಬರೆಯುವ ಅಭ್ಯಾಸ ಶುರುವಾಗಿದ್ದು ಆಗಲೇ.

ಸತ್ತವುಗಳಲ್ಲಿ ಆರು ಜಗಲಿ ಮತ್ತು ದೇವರ ಕೋಣೆಯ ಲೈನಿನವು. ಗುಟ್ಟು ಬಿಟ್ಟುಕೊಟ್ಟಿದ್ದು ದೇವರ ಮುಂದಿನ ಹಳೆ ಜೀರೋ ಬಲ್ಬ್. ಅಡುಗೆಮನೆಯಲ್ಲಿ ಗ್ರೈಂಡರ್ ಹಾಕಿದರೆ ಅದು ಮಂಕಾಗಬೇಕು ತಾನೆ? ಅದರ ಬದಲು ಜೋರಾಗಿ ಹೊಳೆಯುತ್ತದೆ ಅಂತ ನನ್ನ ಹೆಂಡತಿ ಹೇಳಿದಳು. ಮೀಟರ್ ಹಿಡಿದು ನೋಡಿದರೆ ಜಗಲಿ ಫೇಸಿನಲ್ಲಿ 290 ವೋಲ್ಟ್, ಇರಬೇಕಾದ್ದು 230ರ ಆಸುಪಾಸು! ನಮ್ಮದು ಮೂರು ಫೇಸಿನ ಮನೆ. ಎಲೆಕ್ಟ್ರಿಷಿಯನ್‌ಗೆ ಇಷ್ಟು ಹೇಳಿದರೆ ಸಾಕು, ಮೂರೂ ಫೇಸಿನ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಸಡಿಲ. ಆಗ ಒಂದು ಫೇಸಿನಲ್ಲಿ ಗ್ರೈಂಡರ್ ಹಾಕಿದರೆ ಇನ್ನೊಂದರ ವೋಲ್ಟೇಜ್ ಏರುತ್ತದೆ. ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರಿನ ಅಲ್ಯೂಮಿನಿಯಂಗೆ ಯಾರೋ ತಾಮ್ರದ ವೈರನ್ನು ಸುಮ್ನೆ ಸುತ್ತಿ ಟೇಪ್ ಹಾಕಿದ್ದರು. ಟೇಪ್ ಬಿಚ್ಚಿದಾಗ ಒಳಗೆ ಬಿಳಿ ಪುಡಿ, ಅರ್ಧ ಕರಕಲು. ಲೈನ್‌ಮನ್ ಬಂದು ಕಂಬದಲ್ಲಿ ಕರೆಂಟ್ ತೆಗೆದ ಮೇಲೆ ತಂತಿಯ ತುದಿಗೆ ಒತ್ತಿ ಕೂರಿಸುವ ಸರಿಯಾದ ಲಗ್ ಹಾಕಿ ಬಿಗಿದೆವು. ಸಾಮಾನಿಗೆ ಮುನ್ನೂರು ಚಿಲ್ಲರೆ.

ಇನ್ನೊಂದು ಶತ್ರು ಸಿಡಿಲು. ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಆದಮೇಲೆ ಫೇಸಿಗೊಂದರಂತೆ 275 ವೋಲ್ಟಿನ ಎಂಒವಿ ಕೂರಿಸಿದೆ. ವೋಲ್ಟೇಜ್ ಒಮ್ಮೆಲೇ ಚಿಮ್ಮಿದರೆ ಅದನ್ನು ತಾನು ಹೀರಿಕೊಳ್ಳುವ ಪುಟ್ಟ ಬಿಲ್ಲೆ ಅದು. ಒಂದಕ್ಕೆ ಹದಿನೈದೋ ಇಪ್ಪತ್ತೋ ರೂಪಾಯಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಲಿಲ್ಲ. ಎಂಒವಿ ಎರಡು ಸಲ ಸಿಡಿದಿದೆ, ಬಲ್ಬ್ ಉಳಿದಿದೆ.

ಆದರೂ ಊಟದ ಕೋಣೆಯ ಗಾಜಿನ ಬುರುಡೆಯೊಳಗಿನ ಬಲ್ಬ್ ವರ್ಷಕ್ಕೊಂದು ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಡ್ರೈವರಿನ (ಬಲ್ಬಿನೊಳಗೆ ಕರೆಂಟನ್ನು ಹದ ಮಾಡುವ ಸರ್ಕ್ಯೂಟ್) ಕೆಪಾಸಿಟರ್ ತಲೆ ಉಬ್ಬಿರುತ್ತಿತ್ತು. ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಬುರುಡೆ ತೆಗೆದು ಬರೀ ಹೋಲ್ಡರ್ ಬಿಟ್ಟೆ. ಚಂದ ಕಾಣೋದಿಲ್ಲ ಅಂತ ಮನೆಯಲ್ಲಿ ಗೊಣಗಿದರು. ಬಲ್ಬ್ ಮಾತ್ರ ಐದನೇ ವರ್ಷಕ್ಕೆ ಕಾಲಿಟ್ಟಿದೆ.

ಸತ್ತ ಒಂಬತ್ತರಲ್ಲಿ ಐದನ್ನು ನಾನೇ ಬದುಕಿಸಿದೆ. ಅದನ್ನು ಬರೆದು ಹೇಳುವುದಿಲ್ಲ, ಕರೆಂಟಿನ ಜೊತೆ ಆಡುವ ಕೆಲಸ. ಬಂದವರಿಗೆ ಎದುರಿಗೇ ತೋರಿಸುತ್ತೇನೆ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗಲೇ ಒಳ್ಳೆಯ ಬಲ್ಬ್ ಯಾವುದು ಅಂತ ಗೊತ್ತಾಗುವ ಉಪಾಯವೂ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡಬ್ಬಿಯ ಮೇಲಿನ ವ್ಯಾಟ್ ನಿಜವೋ ಅಂತ ನೋಡಲು ಮನೆಯ ಮೀಟರೇ ಸಾಕು. ನಮ್ಮದರ ಮೇಲೆ ಯೂನಿಟ್ಟಿಗೆ 3200 ಮಿಣುಕು ಅಂತಿದೆ, ಅಂದರೆ ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಮೀಟರಿನ ಪುಟ್ಟ ದೀಪ ಅಷ್ಟು ಸಲ ಮಿಣುಕುತ್ತದೆ. ಫ್ರಿಜ್, ಇನ್ವರ್ಟರ್ ಎಲ್ಲ ಆರಿಸಿ ಒಂದೇ ಬಲ್ಬ್ ಹಾಕಿ, ಎರಡು ಮಿಣುಕಿನ ನಡುವಿನ ಹೊತ್ತು ಎಣಿಸಿದೆ. 9 ವ್ಯಾಟ್ ಆದರೆ 125 ಸೆಕೆಂಡು ಬರಬೇಕು, 15 ವ್ಯಾಟಿನ ಸಿಎಫ್‌ಎಲ್‌ಗೆ 75. ಹೆಸರಿಲ್ಲದ ಬಲ್ಬ್ ಒಂದು 160 ತೆಗೆದುಕೊಂಡಿತು, ಅಂದರೆ ಏಳು ವ್ಯಾಟ್. ಬೆಳಕು ಕಡಿಮೆ ಅನಿಸಿದ್ದು ಸುಮ್ನೆ ಅಲ್ಲ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. 60 ವ್ಯಾಟಿನ ಬುರುಡೆ ಬಲ್ಬಿನಿಂದ ಸಿಎಫ್‌ಎಲ್‌ಗೆ ಬಂದಾಗಲೇ ದೊಡ್ಡ ಉಳಿತಾಯ ಆಗಿಹೋಗಿತ್ತು. ಅಲ್ಲಿಂದ ಎಲ್‌ಇಡಿಗೆ ಬಂದರೆ ಹದಿನಾಲ್ಕು ಬಲ್ಬಿಗೆ ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್, ಅಷ್ಟೇ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ‘ಇನ್ಯಾಕೆ ಉಳಿತಾಯ’ ಅಂದವರಿದ್ದಾರೆ. ಆದರೆ ಆಗ ನಮಗೆ ಉಚಿತವಾಗಿ ಸಿಗುತ್ತಿದ್ದುದು ಹಿಂದಿನ ಸರಾಸರಿ ಬಳಕೆಗಿಂತ ಹತ್ತು ಪರ್ಸೆಂಟ್ ಹೆಚ್ಚು ಮಾತ್ರ ಅಲ್ವಾ? ಬೇಸಿಗೆಯಲ್ಲಿ ಫ್ಯಾನ್ ಓಡುವಾಗ ಆ ಹತ್ತು ಯೂನಿಟ್ಟೇ ನಮ್ಮನ್ನು ಕಾಪಾಡಿತು. ನಿಜವಾದ ಲಾಭ ಇನ್ವರ್ಟರಿನಲ್ಲಿ. ಐದು ಸಿಎಫ್‌ಎಲ್ ಹಾಕಿದರೆ ಐದೇ ಗಂಟೆಯಲ್ಲಿ ಚಾರ್ಜ್ ಮುಗಿದು ಕೂಗುತ್ತಿದ್ದ ಬ್ಯಾಟರಿ, ಐದು ಎಲ್‌ಇಡಿಗೆ ಏಳು ದಾಟುತ್ತದೆ. ಮಳೆಗಾಲದಲ್ಲಿ ಇಡೀ ರಾತ್ರಿ ಕರೆಂಟ್ ಇಲ್ಲದ ನಮಗೆ ಅದೇ ದೊಡ್ಡದು.

ಜಗಲಿಯಲ್ಲಿ ಮಳೆಹುಳದ ಪ್ರಯೋಗವನ್ನೂ ಮಾಡಿದೆ. ಒಂದು ತುದಿಗೆ ಬಿಳಿ ಸಿಎಫ್‌ಎಲ್, ಇನ್ನೊಂದಕ್ಕೆ ಹಳದಿ ಎಲ್‌ಇಡಿ, ಎರಡರ ಕೆಳಗೂ ನೀರಿನ ಪಾತ್ರೆ. ಬೆಳಿಗ್ಗೆ ಸಿಎಫ್‌ಎಲ್ ಪಾತ್ರೆಯಲ್ಲಿ ರೆಕ್ಕೆಯ ಪದರವೇ ಇತ್ತು, ಹಳದಿಯದರಲ್ಲಿ ಬೆರಳೆಣಿಕೆಯಷ್ಟು. ಜಗಲಿಗೆ ಅವತ್ತೇ ಎರಡೂ ಹಳದಿ ಹಾಕಿದೆ.

ತೆಗೆದ ಸಿಎಫ್‌ಎಲ್‌ಗಳನ್ನು ತಿಪ್ಪೆಗೆ ಎಸೆಯಬೇಡಿ, ಒಳಗೆ ಪಾದರಸ ಇದೆ. ಮಗ ಒಂದನ್ನು ಒಡೆದಾಗ ಕಿಟಕಿ ತೆರೆದು ಹೊರಗೆ ಬಂದೆವು. ಆಮೇಲೆ ಪೊರಕೆ ಮುಟ್ಟದೆ ರಟ್ಟಿನಲ್ಲಿ ಎತ್ತಿ, ಚೂರುಗಳನ್ನು ಅಂಟು ಟೇಪಿನಲ್ಲಿ ತೆಗೆದೆ. ಉಳಿದ ಇಪ್ಪತ್ತೆರಡು ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿವೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋಗುವಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟು ಬರಬೇಕು.